ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಹೊಲಿದದ್ದು

ಮಾರ್ಚ್ 5, ಗುರುವಾರ

ಈ ಕಥೆಯನ್ನು ಮೊದಲು ಹೇಳಿದವರು ಆಪರೇಷನ್ ಮಾಡುವ ಡಾಕ್ಟರಮ್ಮ. ಹೇಳಿದ್ದು ನಿನ್ನೆ, ಬುಧವಾರ, ಹನ್ನೊಂದೂಕಾಲಿಗೆ, ಆಸ್ಪತ್ರೆಯ ಒಂಬತ್ತನೇ ನಂಬರಿನ ಕೋಣೆಯಲ್ಲಿ. ಕೇಳಿದವರು ಇಬ್ಬರು, ನಾನು ಮತ್ತು ನಮ್ಮನೆಯವರು. ಕಥೆಯಲ್ಲಿ ಬರುವ ಹೊಟ್ಟೆ ನನ್ನದು. ಕೊನೆಗೆ ಏನಾಗುತ್ತದೆಂದು ಹೇಳಿದವರಿಗೂ ಗೊತ್ತಿಲ್ಲ. ಕೊನೆ ಗೊತ್ತಿಲ್ಲದ ಕಥೆಯನ್ನು ನಮ್ಮಜ್ಜಿ ಎಂದೂ ಶುರು ಮಾಡಿದವಳಲ್ಲ. ಈ ಡಾಕ್ಟರಮ್ಮನಿಗೆ ಆ ಧೈರ್ಯವಿದೆ.

ಮೂರು ವರ್ಷದಿಂದ ಇದೇ ಪಾಡು. ಉಂಡು ಒಂದು ಗಂಟೆಯಾದರೆ ಹೊಟ್ಟೆ ಊದಿ ತಮಟೆಯಾಗುತ್ತದೆ. ಆಮೇಲೆ ಯಾರೋ ಒಳಗೆ ಕೂತು ಒದ್ದೆ ಬಟ್ಟೆ ಹಿಂಡಿದ ಹಾಗೆ ನುಲಿಯುತ್ತದೆ. ವಾಂತಿಯಾದರೆ ಶಾಂತಿ. ಹನ್ನೊಂದು ಕಿಲೋ ಇಳಿದಿದ್ದೇನೆ. ಮೂರು ಸಲ ಸ್ಕ್ಯಾನ್ ಆಯಿತು. ಮೂರು ಸಲವೂ ಹಿಂದಿನ ರಾತ್ರಿಯಿಂದ ಉಪವಾಸವಿದ್ದೆ, ಸತ್ಯವಾಗಿ. ಮೂರು ಸಲವೂ ರಿಪೋರ್ಟಿನಲ್ಲಿ ಒಂದೇ ಸಾಲು: ಕರುಳಿನಲ್ಲಿ ಆಹಾರದ ಶೇಷವಿದೆ, ರೋಗಿ ಉಪವಾಸವಿದ್ದಂತೆ ತೋರುವುದಿಲ್ಲ.

ಆ ಒಂದು ಸಾಲು ಮನೆಯಲ್ಲಿ ನನ್ನ ಮಾನ ತೆಗೆದುಬಿಟ್ಟಿತು. ಎರಡನೇ ಸ್ಕ್ಯಾನಿನ ನಂತರ ಅತ್ತೆ ಬಾಳೆಹಣ್ಣು ಎಣಿಸತೊಡಗಿದರು. "ಹಸಿವು ತಡೀಲಾರದೆ ಒಂದು ತಿಂದಿದ್ರೆ ಹೇಳಿಬಿಡು ಮಾರಾಯ್ತಿ, ನಾನೇನು ಹುಲಿಯೇ?" ಎಂದರು. ನಮ್ಮನೆಯವರು ಬಸ್ಸು ಓಡಿಸುವವರು, ಮೀಟರಿನ ಮುಳ್ಳು ನಂಬುವ ಜಾತಿ. "ನಾನು ನಿನ್ನ ನಂಬ್ತೀನಿ ಕಣೆ. ಆದ್ರೆ ಮಷೀನು ಯಾಕೆ ಸುಳ್ಳು ಹೇಳುತ್ತೆ?" ಇಂಥ ನಂಬಿಕೆ ಇದ್ದರೆಷ್ಟು ಬಿಟ್ಟರೆಷ್ಟು.

ನಿನ್ನೆ ಡಾಕ್ಟರಮ್ಮ ಮೂರೂ ಫಿಲ್ಮುಗಳನ್ನು ಬೆಳಕಿನ ಹಲಗೆಗೆ ಸಾಲಾಗಿ ಸಿಕ್ಕಿಸಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕುರ್ಚಿ ತಿರುಗಿಸಿ ಕೇಳಿದರು:

"ಮೂರು ಸಲವೂ ಏನೂ ತಿಂದಿರಲಿಲ್ವಾ?"

"ಇಲ್ಲ ಮೇಡಂ, ಒಂದು ಗುಟುಕು ನೀರೂ..."

"ಸಾಕು. ನೋಡಿ, ಮೂರು ಸಲವೂ ಅದೇ ಜಾಗ. ಗಾತ್ರ ಮಾತ್ರ ಸ್ವಲ್ಪ ದೊಡ್ಡದಾಗ್ತಾ ಬಂದಿದೆ. ತಿಂದಿದ್ದು ಮೂರು ವರ್ಷ ಒಂದೇ ಜಾಗದಲ್ಲಿ ಕೂರಲ್ಲ. ನೀವು ಹೇಳ್ತಿರೋದು ನಿಜ."

ನನಗೆ ಎದ್ದು ಅವರ ಕಾಲು ಹಿಡಿಯಬೇಕೆನಿಸಿತು. ನಮ್ಮನೆಯವರ ಮುಖ ನೋಡಿದೆ, ಅವರು ಫಿಲ್ಮನ್ನೇ ನೋಡುತ್ತಿದ್ದರು.

"ಹಾಗಾದ್ರೆ ಅದೇನು ಮೇಡಂ?"

"ಗೊತ್ತಿಲ್ಲ. ಮೇಲಿಂದ ಬಿಟ್ಟ ಕ್ಯಾಮೆರಾ ಅಲ್ಲಿಗೆ ಮುಟ್ಟಲಿಲ್ಲ, ಕೆಳಗಿಂದ ಬಿಟ್ಟದ್ದೂ ಮುಟ್ಟಲಿಲ್ಲ. ಗಡ್ಡೆ ಇರಬಹುದು, ಗಂಟು ಇರಬಹುದು, ಇನ್ನೇನೋ ಇರಬಹುದು. ಹೊಟ್ಟೆ ತೆರೆದು, ಕೈ ಹಾಕಿ, ಕಣ್ಣಾರೆ ನೋಡಬೇಕು. ಸಿಕ್ಕಿದ್ದನ್ನ ಆಗಲೇ ಸರಿ ಮಾಡಬೇಕು. ರೋಗ ಪತ್ತೆ ಮಾಡೋದೂ ಅದೇ, ಚಿಕಿತ್ಸೆಯೂ ಅದೇ."

ಯಾರಿಗಾದರೂ ಹೊಟ್ಟೆ ಕೊಯ್ಯುತ್ತಾರೆಂದರೆ ಭಯವಾಗಬೇಕು. ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಸುಮ್ಮಸುಮ್ಮನೆ ನಗುತ್ತಿದ್ದೆ. ನೋಡಲಿ! ತೆರೆದು ನೋಡಲಿ! ಬಾಳೆಹಣ್ಣು ಇದೆಯೋ ಇಲ್ಲವೋ ಊರೇ ನೋಡಲಿ!

(ರಾತ್ರಿ ಎಂಟಕ್ಕೆ ಊಟ. ಆಮೇಲೆ ಏನೂ ಇಲ್ಲ. ಸತ್ಯ.)

ಮಾರ್ಚ್ 6, ಶುಕ್ರವಾರ

ಹೊಲಿಗೆ ಅಂಗಡಿಯಲ್ಲಿ ಹೇಳಿದೆ. ಬ್ಯಾಂಡಿನವರ ಕೆಂಪು ಕೋಟುಗಳ ಅವಸರದಲ್ಲಿ ಐದೂ ಜನ ಬಗ್ಗಿದ ತಲೆ ಎತ್ತಿರಲಿಲ್ಲ, ನನ್ನ ಮಾತು ಕೇಳಿ ನಾಲ್ಕೂ ಮಷೀನು ಒಟ್ಟಿಗೆ ನಿಂತವು. ಕಾಜ ಗುಂಡಿ ನೋಡಿಕೊಳ್ಳುವ ಗುಂಡಿಯಕ್ಕ ಕಣ್ಣಿಗೆ ಸೆರಗೊತ್ತಿಕೊಂಡಳು. ಮಾಸ್ಟರ್ ಮಾತ್ರ ಕಟಿಂಗ್ ಟೇಬಲ್ಲಿನಿಂದ ಚಾಕ್ ಎತ್ತದೆ ಕೇಳಿದರು:

"ಎಷ್ಟುದ್ದ ಕತ್ತರಿಸ್ತಾರಂತೆ?"

"ಒಂದು ಗೇಣಿನ ಮೇಲೆ."

"ನೇರಕ್ಕೋ, ಓರೆಗೋ?"

"ನೇರಕ್ಕೆ. ನಡುವೆ."

"ಹೊಕ್ಕುಳ ಬರುತ್ತಲ್ಲ ದಾರೀಲಿ?"

ಅದನ್ನು ಕೇಳಿಯೇ ಇರಲಿಲ್ಲ! ಎಂಥ ದರ್ಜಿ ನಾನು.

ಈ ಮಾಸ್ಟರ್ ಹದಿನಾರನೇ ವಯಸ್ಸಿನಲ್ಲಿ ನನ್ನನ್ನು ಮಷೀನಿನ ಮುಂದೆ ಕೂರಿಸಿದವರು. ಇಪ್ಪತ್ತೆರಡು ವರ್ಷವಾಯಿತು. ಇಂದು ಹನ್ನೆರಡು ತೋಳು ಮುಗಿಸಿದೆ. ಮಾಸ್ಟರ್ ಕಲಿಸಿದ ವೇಗವದು: ಕಾಲು ಪೆಡಲಿನ ಮೇಲೆ, ಕೈ ಬಟ್ಟೆಯ ಮೇಲೆ, ದಾರ ಹಲ್ಲಿಗೆ, ಕಟಕ್, ಮುಂದಿನದು. ಮಧ್ಯಾಹ್ನದ ಊಟದ ನಂತರ ನುಲಿತ ಶುರುವಾಯಿತು. ಕಟಿಂಗ್ ಟೇಬಲ್ಲಿನ ಕೆಳಗೆ ಅರ್ಧ ಗಂಟೆ ಮಲಗಿದ್ದೆ. ಮೇಲಿನಿಂದ ಕೆಂಪು ಚಿಂದಿಗಳು ಉದುರುತ್ತಿದ್ದವು.

(ಎಂಟೂಕಾಲಿಗೆ ಊಟ, ಒಂದೇ ತುಂಡು ಬ್ರೆಡ್ಡು. ಆಮೇಲೆ ಏನೂ ಇಲ್ಲ. ಸತ್ಯ.)

ಮಾರ್ಚ್ 10, ಮಂಗಳವಾರ

ಸಹಿ ಹಾಕಲು ಹೋಗಿದ್ದೆವು. ಹೊಕ್ಕುಳದ ವಿಷಯ ಕೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಪ್ಪತ್ತು ವರ್ಷದಲ್ಲಿ ಇದನ್ನ ಕೇಳಿದ ಮೊದಲ ಪೇಷಂಟ್ ನೀವು. ಎಡಕ್ಕೆ ಬಳಸಿಕೊಂಡು ಹೋಗ್ತೀನಿ."

"ಹಾಗಾದ್ರೆ ಅಲ್ಲಿ ಸ್ವಲ್ಪ ದುಂಡು ಬರುತ್ತೆ. ಹೊಲಿಯುವಾಗ ಸುಕ್ಕು ಬೀಳದ ಹಾಗೆ ನೋಡ್ಕೊಳ್ಳಿ ಮೇಡಂ."

ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮನೆಯವರು ನನ್ನ ಕಾಲು ತುಳಿದರು. ಡಾಕ್ಟರಮ್ಮ ಮಾತ್ರ ಗಂಭೀರವಾಗಿ ಒಪ್ಪಿಕೊಂಡು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಚರ್ಮ, ಅದರಡಿ ಕೊಬ್ಬು, ಅದರಡಿ ಬಿಳಿ ಪಟ್ಟಿ, ಅದರಡಿ ತೆಳು ಪೊರೆ. ನಮ್ಮ ಕೋಟಿಗೂ ಇಷ್ಟೇ ಪದರ! ಮೇಲ್ಬಟ್ಟೆ, ಕ್ಯಾನ್ವಾಸು, ಲೈನಿಂಗು. ಬಲವೆಲ್ಲ ಆ ಬಿಳಿ ಪಟ್ಟಿಯಲ್ಲಿದೆಯಂತೆ. ಅಲ್ಲಿ ಹೊಲಿಗೆ ಕೆಟ್ಟರೆ ಮೇಲೆ ಎಷ್ಟು ಚಂದವಿದ್ದರೂ ಬಿಟ್ಟುಕೊಳ್ಳುತ್ತದಂತೆ. ಗೊತ್ತಿಲ್ಲವೇ ನನಗೆ.

"ಒಳಗೆ ಹೋದಮೇಲೆ ಹೇಗೆ ಹುಡುಕ್ತೀರಿ?"

"ಕರುಳನ್ನ ಒಂದು ತುದಿಯಿಂದ ಹಿಡ್ಕೊಂಡು, ಎರಡೂ ಕೈಯಲ್ಲಿ ಸ್ವಲ್ಪಸ್ವಲ್ಪವೇ ಜರುಗಿಸ್ತಾ, ಮುಟ್ಟಿ ನೋಡ್ತಾ, ಇನ್ನೊಂದು ತುದಿವರೆಗೆ ಹೋಗ್ತೀನಿ. ಇಪ್ಪತ್ತು ಅಡಿ ಇರುತ್ತೆ."

ನಾವೂ ಬಟ್ಟೆಯ ಹೊಸ ಥಾನು ಬಂದಾಗ ಇದನ್ನೇ ಮಾಡುತ್ತೇವೆ ಎಂದು ಅವರಿಗೂ ಹೇಳಿದೆ! ಬಿಚ್ಚುತ್ತ, ಸವರುತ್ತ, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಗಂಟಿದೆ ಎಂದು ಬೆರಳಲ್ಲೇ ಹುಡುಕುತ್ತ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. "ಇಪ್ಪತ್ತು ಅಡಿ ಅಂದ್ರೆ ಆರು ಮೀಟರ್ ಆಯ್ತು, ಎರಡು ಕಿಟಕಿ ಪರದೆಗೆ ಸಾಕು," ಎಂದೆ. ಸಿಸ್ಟರ್ ಈ ಸಲ ಕೈ ಅಡ್ಡ ಹಿಡಿಯಲಿಲ್ಲ, ಗೊಳ್ಳೆಂದು ನಕ್ಕೇಬಿಟ್ಟರು.

ಆಮೇಲೆ ಸಹಿ ಮಾಡುವ ಕಾಗದ ಬಂತು. ರಕ್ತ ಬೇಕಾಗಬಹುದು, ಕರುಳು ಕತ್ತರಿಸಬೇಕಾಗಬಹುದು, ಕೀವಾಗಬಹುದು, ಪ್ರಾಣಾಪಾಯ ಇದೆ. ನಮ್ಮನೆಯವರು ಓದುತ್ತ ಓದುತ್ತ ಬೆವರಿದರು. ನಾನು ಗೀಚಿಬಿಟ್ಟೆ. ನನಗೆ ಹೆದರಿಕೆ ಇದ್ದದ್ದು ಪಟ್ಟಿಯಲ್ಲೇ ಇಲ್ಲದ ಒಂದು ಸಾಲಿನ ಬಗ್ಗೆ. ಬಾಗಿಲವರೆಗೆ ಹೋದವಳು ವಾಪಸ್ ಬಂದು ಕೇಳಿದೆ:

"ಮೇಡಂ, ಒಳಗೆ ಏನೂ ಸಿಗದೇ ಇದ್ರೆ?"

"ಹಾಗೂ ಆಗುತ್ತೆ. ಅದನ್ನೂ ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

(ಎಂಟಕ್ಕೆ ಊಟ. ಆಮೇಲೆ ಏನೂ ಇಲ್ಲ. ದೇವರಾಣೆ.)

ಮಾರ್ಚ್ 11, ಬುಧವಾರ, ಆಸ್ಪತ್ರೆ

ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಥಿಯೇಟರಿಗೆ ಹೋಗುವಾಗ ಹಾಕಿಕೊಳ್ಳಲು ಹಸಿರು ನಿಲುವಂಗಿ ತಂದುಕೊಟ್ಟರು. ಒಳಮಡಿಕೆ ನೋಡಿದೆ, ನನ್ನದೇ ಹೊಲಿಗೆ! ಎರಡು ವರ್ಷದ ಹಿಂದೆ ನಮ್ಮ ಅಂಗಡಿಗೇ ಬಂದಿತ್ತು ಇವರ ಆರ್ಡರು, ಇನ್ನೂರು ನಿಲುವಂಗಿ. ಕಂಕುಳಲ್ಲಿ ಎರಡು ಸುತ್ತು ಹಾಕುವುದು ನಾನೊಬ್ಬಳೇ. ಡಾಕ್ಟರಮ್ಮ ನಾಳೆ ತೊಡುವುದೂ ಇದೇ ಇರಬೇಕು. ಯಾರು ಯಾರ ಕೈಯಲ್ಲಿ ಇದ್ದಾರೆ ನೋಡು.

ಅತ್ತೆ ಬಂದಿದ್ದರು. ಮಂಚದ ಪಕ್ಕದ ಕಪಾಟು ತೆರೆದು ನೋಡಿದರು. ತಿನ್ನುವುದು ಏನಾದರೂ ಇದೆಯೋ ಎಂದು. ನಾನು ನೋಡಿಯೂ ನೋಡದ ಹಾಗೆ ಗೋಡೆಗೆ ತಿರುಗಿದೆ.

ಸಿಗಲಿ. ಏನಾದರೂ ಸಿಗಲಿ. ಒಂದು ಗುಂಡಿಯಷ್ಟಾದರೂ.

ಮಾರ್ಚ್ 12, ಗುರುವಾರ, ಬೆಳಗ್ಗೆ

ಇನ್ನು ಹತ್ತು ನಿಮಿಷವಂತೆ. ಮಳೆಗೆ ಮುಂಚಿನ ದನದ ಹಾಗೆ ಆಗಿದೆ ಮನಸ್ಸು, ನಿಂತಲ್ಲಿ ನಿಲ್ಲುತ್ತಿಲ್ಲ. ನಮ್ಮನೆಯವರು ನನ್ನ ಕನ್ನಡಕ ಹಿಡಿದು ನಿಂತಿದ್ದಾರೆ, ನಾನೇ ಹೊರಟುಹೋದಂತೆ. "ರೀ, ಕನ್ನಡಕ ಒರೆಸಿಡಿ, ಬಂದಮೇಲೆ ಸರಿಯಾಗಿ ಕಾಣಬೇಕು ನನಗೆ," ಎಂದೆ. ಒರೆಸುತ್ತಲೇ ಇದ್ದಾರೆ. ನಿನ್ನೆ ರಾತ್ರಿಯಿಂದ ಏನೂ

ಕರೆದರು.

ಮಾರ್ಚ್ 14, ಶನಿವಾರ

ಇತ್ತು.

ಏನೋ ಇತ್ತು. ಸಿಸ್ಟರ್ ಹೇಳಿದರು. ಏನೆಂದು ಡಾಕ್ಟರಮ್ಮನೇ ಹೇಳಬೇಕಂತೆ. ಗಡ್ಡೆ ಅಲ್ಲವಂತೆ. ಮೂಗಲ್ಲಿ ನಳಿಕೆ. ಪೆನ್ನು ಹಿಡಿದರೆ ಹೊಟ್ಟೆ ಎಳೆಯುತ್ತದೆ, ಬರೆಯುವುದಕ್ಕೂ ಹೊಟ್ಟೆ ಬೇಕೆಂದು ಇವತ್ತು ತಿಳಿಯಿತು. ಇತ್ತು!

ಮಾರ್ಚ್ 16, ಸೋಮವಾರ

ಇಂದಿನ ದಿನ ಬರೆದಿಡದಿದ್ದರೆ ನಾನು ಮನುಷ್ಯಳೇ ಅಲ್ಲ.

ಮೊದಲು ಗಾಳಿಯ ಸಂಗತಿ. ಮೂರು ದಿನದಿಂದ ಡಾಕ್ಟರು, ಸಿಸ್ಟರು, ನೆಲ ಒರೆಸುವವರು, ಎಲ್ಲರೂ ಬಂದು ಕೇಳುವುದು ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಹೋದರೆ ಕರುಳು ಎದ್ದು ಕೆಲಸಕ್ಕೆ ಬಂತೆಂದು ಅರ್ಥವಂತೆ, ಆಮೇಲೆಯೇ ಬಾಯಿಗೆ ನೀರು. ಇಡೀ ಜನ್ಮದಲ್ಲಿ ಯಾವುದನ್ನು ಮುಚ್ಚಿಡಲು ಕಲಿಸಿದರೋ ಅದಕ್ಕಾಗಿ ವಾರ್ಡೆಲ್ಲ ಕಾದು ಕೂತಿದೆ. ಬೆಳಗ್ಗೆ ಏಳಕ್ಕೆ ಹೋಯಿತು. ಸದ್ದಾಗಿಯೇ. ಪಕ್ಕದ ಮಂಚದ ಅಜ್ಜಿ "ಸಿಸ್ಟರ್, ಇಲ್ಲಿ ಬಂತೂ!" ಎಂದು ಕೂಗಿದರು. ಎದುರು ಮಂಚದವರು ಚಪ್ಪಾಳೆ ತಟ್ಟಿದರು. ನಗಬೇಕಾದರೆ ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳಬೇಕು, ಇಲ್ಲದಿದ್ದರೆ ಹೊಲಿಗೆ ಕೇಳುವುದಿಲ್ಲ. ಅವಚಿಕೊಂಡು ನಕ್ಕೆ.

ಹತ್ತು ಗಂಟೆಗೆ ಡಾಕ್ಟರಮ್ಮ ಬಂದರು. ಕೈಯಲ್ಲಿ ಗಾಜಿನ ಭರಣಿ. ನಮ್ಮನೆಯವರು ಎದ್ದು ನಿಂತರು. ಭರಣಿಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ, ಕಂದು ಬಣ್ಣದ, ಒರಟು ಉಂಡೆ.

"ಹೊಟ್ಟೆ ತೆರೆದ ಮೇಲೆ ಥಾನು ಬಿಚ್ಚಿದ ಹಾಗೇ ಬಿಚ್ಚಿದೆ," ಎಂದರು, ನನ್ನ ಮಾತನ್ನು ನನಗೇ ಹಿಂತಿರುಗಿಸುತ್ತ. "ಅರ್ಧ ದಾರಿಗೆ ಒಂದು ತೆಳು ಪಟ್ಟಿ, ಹುಟ್ಟಿನಿಂದ ಬಂದದ್ದು, ಕರುಳಿಗೆ ಅಡ್ಡ ಬಿಗಿದಿತ್ತು. ಅಲ್ಲಿ ಕರುಳು ಹೂಜಿಯ ಕುತ್ತಿಗೆ ಹಾಗೆ ಕಿರಿದಾಗಿತ್ತು, ಆ ಕುತ್ತಿಗೆಯ ಹಿಂದೆ ಇದು ಕೂತಿತ್ತು. ಕೈಗೆ ಗಟ್ಟಿ ಸಿಕ್ತು. ಕೂದಲಾ, ನಾರಾ, ಏನು ಅಂತ ಥಿಯೇಟರಲ್ಲಿ ನಾಲ್ಕು ಜನ ನಾಲ್ಕು ಮಾತು. ತೊಳೆದು, ಚಿಮಟದಲ್ಲಿ ಒಂದು ಎಳೆ ಎಳೆದೆ. ನೋಡಿ."

ಮುಚ್ಚಳ ತೆರೆದು ಚಿಮಟದಲ್ಲಿ ಎಳೆದರು. ಬಂತು. ಕೆಂಪಗೆ. ಎರಡು ಬೆರಳುದ್ದ.

ಬ್ಯಾಂಡಿನವರ ಕೆಂಪು! ನಲವತ್ತನೇ ನಂಬರಿನ ಪಾಲಿಯೆಸ್ಟರ್! ಎಲ್ಲಿ ಕಂಡರೂ ಗುರುತಿಸುತ್ತೇನೆ.

"ದಾರ," ಎಂದೆ.

"ದಾರವೇ. ನೀವು ಹೊಲಿಯುವಾಗ ದಾರ ಹೇಗೆ ಕತ್ತರಿಸ್ತೀರಿ?"

ನಾನು ಉತ್ತರಿಸುವ ಮೊದಲೇ ನಮ್ಮನೆಯವರು ತಮ್ಮ ಹಲ್ಲು ಕಟಕ್ ಎನ್ನಿಸಿ ತೋರಿಸಿದರು. ಹದಿನೈದು ವರ್ಷದಿಂದ ಕೇಳಿಕೊಂಡ ಸದ್ದಲ್ಲವೇ ಅದು.

ದಾರ ಕಚ್ಚಿದಾಗ ತುಣುಕು ನಾಲಿಗೆಯಲ್ಲಿ ಉಳಿಯುತ್ತದೆ. ಉಗುಳಲು ಪುರುಸೊತ್ತೆಲ್ಲಿ, ನುಂಗಿ ಮುಂದೆ ಹೋಗುವುದು. ಬೇರೆಯವರಿಗಾದರೆ ಹೊರಗೆ ಹೋಗಿಬಿಡುತ್ತದಂತೆ. ನನ್ನ ಕರುಳಿನ ಆ ಕುತ್ತಿಗೆಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತು, ಅದಕ್ಕೆ ಇನ್ನೊಂದು ಜೋತುಬಿತ್ತು, ಅದಕ್ಕೆ ಮತ್ತೊಂದು. ಡಾಕ್ಟರಮ್ಮ ಇನ್ನೂ ಎಳೆದರು. ಶಾಲೆಯ ಯೂನಿಫಾರಂ ನೀಲಿ. ಬಸ್ಸಿನವರ ಖಾಕಿ, ಅಂದರೆ ನಮ್ಮನೆಯವರ ಅಂಗಿಯೂ ಅಲ್ಲಿದೆ. ಮದುವೆ ಗೌನಿನ ಬಿಳಿ. ಆಮೇಲೆ ಒಂದು ಹಸಿರು ಎಳೆ. ಡಾಕ್ಟರಮ್ಮ ಅದನ್ನು ಎತ್ತಿ ಹಿಡಿದು ನೋಡುತ್ತಿದ್ದರು. ನಾನು ಅವರ ಹಸಿರು ನಿಲುವಂಗಿಯ ಕಂಕುಳು ತೋರಿಸಿದೆ.

"ಅದು ನಿಮ್ಮದು ಮೇಡಂ."

ಎಷ್ಟು ನಕ್ಕರೆಂದರೆ ಮಂಚದ ಕಂಬಿ ಹಿಡಿದುಕೊಂಡರು. ನಾನು ದಿಂಬು ಹಿಡಿದುಕೊಂಡೆ.

ಇನ್ನೊಂದು ಮಾತು ಹೇಳಿದರು, ಅದನ್ನು ಎಷ್ಟು ಸಲ ನೆನೆದರೂ ತೃಪ್ತಿಯಿಲ್ಲ. ಉಂಡೆ ತೆಗೆಯಲು ಕರುಳನ್ನು ಉದ್ದಕ್ಕೆ ಸೀಳಿ, ಮುಚ್ಚುವಾಗ ಅಡ್ಡಕ್ಕೆ ಹೊಲಿದರಂತೆ. ಉದ್ದಕ್ಕೇ ಹೊಲಿದರೆ ಕರುಳು ಇಕ್ಕಟ್ಟಾಗುತ್ತದೆ, ಅಡ್ಡಕ್ಕೆ ಹೊಲಿದರೆ ಅಗಲವಾಗಿ ಉಳಿಯುತ್ತದೆ. ಎಂಥ ಉಪಾಯ! ಇಪ್ಪತ್ತೆರಡು ವರ್ಷ ಬಿಗಿ ತೋಳುಗಳ ಜೊತೆ ಗುದ್ದಾಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಮಾಸ್ಟರಿಗೆ ಹೇಳಬೇಕು.

ನಾಲ್ಕು ಚಮಚ ನೀರು ಕುಡಿದೆ. ಏನು ರುಚಿ!

ಮಾರ್ಚ್ 17, ಮಂಗಳವಾರ

ಬೆಳಗ್ಗೆ ಎದ್ದಾಗ ನಿನ್ನೆಯ ಉಬ್ಬರ ಇಳಿದಿತ್ತು. ಮೂರು ವರ್ಷ ಸಾಕ್ಷಿ ಬೇಕು ಸಾಕ್ಷಿ ಬೇಕು ಎಂದು ಹಂಬಲಿಸಿದೆ. ಸಾಕ್ಷಿ ಸಿಕ್ಕಿತು, ಅದರ ತುಂಬ ನನ್ನದೇ ಹಲ್ಲಿನ ಗುರುತು. ಅತ್ತೆಗೆ ಯಾವ ಮುಖ ತೋರಿಸುವುದು?

ಅತ್ತೆ ಬಂದರು. ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದರು. ನನ್ನನ್ನು ನೋಡಿದರು. ಮತ್ತೆ ಭರಣಿ ನೋಡಿದರು.

"ಅಂತೂ ತಿಂದಿದ್ದು ನಿಜ!" ಎಂದರು. "ತಿಂದಿಲ್ಲ ತಿಂದಿಲ್ಲ ಅಂತಿದ್ದೆಯಲ್ಲ! ಮಷೀನು ಹೇಳಿದ್ದೇ ಸರಿಯಾಯ್ತು!"

ಒಂದು ಕ್ಷಣ ಮೈಯೆಲ್ಲ ಉರಿಯಿತು. ಆಮೇಲೆ ನೋಡುತ್ತೇನೆ, ಅತ್ತೆಯ ಗಲ್ಲ ನಡುಗುತ್ತಿದೆ, ನಗು ತಡೆಯಲಾರದೆ. ದಿಂಬು ಎಲ್ಲಿ, ದಿಂಬು ಎಲ್ಲಿ ಎಂದು ತಡಕಾಡಿದೆ. ಅತ್ತೆಯೇ ಎತ್ತಿ ನನ್ನ ಹೊಟ್ಟೆಗೆ ಒತ್ತಿ ಹಿಡಿದರು, ನಕ್ಕು ಮುಗಿಯುವವರೆಗೆ ಹಿಡಿದೇ ಇದ್ದರು. ಆಮೇಲೆ ಅವರ ಕಣ್ಣಲ್ಲಿ ನೀರಿತ್ತು. ನಗುವಿನದೋ ಬೇರೆಯದೋ ಕೇಳಲಿಲ್ಲ.

ಹೋಗುವಾಗ ಕಪಾಟಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟರು. "ಡಾಕ್ಟರು ಯಾವತ್ತು ತಿನ್ನು ಅಂತಾರೋ ಅವತ್ತು ತಿನ್ನು. ಎಷ್ಟಿದೆಯೋ, ನಾನು ಎಣಿಸಿಲ್ಲ."

ಮಾರ್ಚ್ 23, ಸೋಮವಾರ

ಮನೆ. ಹೊಲಿಗೆ ನೋಡಿಕೊಂಡೆ, ಕನ್ನಡಿಯಲ್ಲಿ. ಹೊಕ್ಕುಳದ ಹತ್ತಿರ ದುಂಡು ಚೆನ್ನಾಗಿ ಬಂದಿದೆ, ಸುಕ್ಕಿಲ್ಲ. ಕೊನೆಯಲ್ಲಿ ಒಂದು ಹೊಲಿಗೆ ಒಂದು ಕೂದಲಷ್ಟು ಓರೆ. ಹೇಳುವುದಿಲ್ಲ.

ಮಧ್ಯಾಹ್ನ ಉಂಡೆ. ಒಂದು ಗಂಟೆ ಕಾದೆ. ಎರಡು ಗಂಟೆ ಕಾದೆ. ಆಮೇಲೆ ಕಾಯುತ್ತಿದ್ದೇನೆಂಬುದನ್ನೇ ಮರೆತು ನಿದ್ದೆ ಮಾಡಿಬಿಟ್ಟೆ.

ಏಪ್ರಿಲ್ 27, ಸೋಮವಾರ

ಅಂಗಡಿಗೆ ಹೋದ ಮೊದಲ ದಿನ! ಭಾರ ಎತ್ತಬಾರದು, ಮಷೀನು ತುಳಿಯಬಹುದು. ಭರಣಿಯನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ.

ಟೀ ಹೊತ್ತಿಗೆ ಕಟಿಂಗ್ ಟೇಬಲ್ಲಿನ ಮೇಲೆ ಭರಣಿ ಇಟ್ಟು ಕಥೆ ಹೇಳಿದೆ. ಅಜ್ಜಿ ಹೇಳುತ್ತಿದ್ದ ಹಾಗೆ, ಮೊದಲಿನಿಂದ. ಹೇಳಿದವರು ಯಾರು, ಯಾವತ್ತು, ಎಲ್ಲಿ. ಕರುಳು ಬಿಚ್ಚುವಲ್ಲಿ ಗುಂಡಿಯಕ್ಕ ಕಣ್ಣು ಮುಚ್ಚಿದಳು, ಗಾಳಿ ಹೋಗುವಲ್ಲಿ ತೆರೆದಳು. ಕೆಂಪು ದಾರ ಬರುವಲ್ಲಿ ಎಲ್ಲರ ಕೈಯೂ ಅವರವರ ಹೊಟ್ಟೆಯ ಮೇಲಿತ್ತು. ಟೀ ತಣ್ಣಗಾಗಿತ್ತು. ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಹೊಲಿದದ್ದನ್ನು ಒಂದು ಚಿಂದಿಯಲ್ಲಿ ಮಾಡಿ ತೋರಿಸಿದೆ. ಮಾಸ್ಟರ್ ಚಿಂದಿಯನ್ನು ಕೈಗೆ ತೆಗೆದುಕೊಂಡು ಒಳಗೆ ಬೆರಳು ತೂರಿಸಿ ನೋಡಿದರು.

"ಕೆಲಸಗಾರ್ತಿ ಆ ಡಾಕ್ಟ್ರು," ಎಂದರು. ಆಮೇಲೆ ಭರಣಿಯನ್ನು ಆಚೆ ಸರಿಸಿದರು. "ಆದ್ರೆ ದಾರದ ಮಾತು ನಾನು ಒಪ್ಪಲ್ಲ. ನಲವತ್ತೈದು ವರ್ಷ ಕಚ್ಚಿದೀನಿ. ಕತ್ತರಿ ಹುಡುಕೋ ಹೊತ್ತಿಗೆ ಇನ್ನೊಂದು ಹೊಲಿಗೆ ಮುಗಿಯುತ್ತೆ. ನಂಗೇನಾಗಿದೆ?"

ಮಷೀನುಗಳು ಶುರುವಾದವು.

ಏಪ್ರಿಲ್ 28, ಮಂಗಳವಾರ

ಒಂಬತ್ತಕ್ಕೆ ಒಳಗೆ ಕಾಲಿಟ್ಟೆ. ಗುಂಡಿಯಕ್ಕನ ಕೊರಳಲ್ಲಿ ಪರದೆ ಹಗ್ಗ, ಹಗ್ಗದ ತುದಿಯಲ್ಲಿ ಪುಟ್ಟ ಕತ್ತರಿ. ಕಾಲರ್ ಹೊಲಿಯುವವಳ ಕೊರಳಲ್ಲಿ ನೀಲಿ ರಿಬ್ಬನ್ನು, ಅದಕ್ಕೂ ಒಂದು. ಮೂಲೆಯ ಮಷೀನಿನವಳು ಮಗುವಿನ ಉಗುರು ತೆಗೆಯುವ ಕತ್ತರಿಯನ್ನೇ ಕಟ್ಟಿಕೊಂಡು ಬಂದಿದ್ದಳು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲವಂತೆ. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಮಾಸ್ಟರ್ ಇರಲಿಲ್ಲ. ನಲವತ್ತೈದು ವರ್ಷದಲ್ಲಿ ಮೊದಲ ಸಲ. ಹನ್ನೊಂದೂವರೆಗೆ ಬಂದರು, ಕೈಯಲ್ಲಿ ಉದ್ದನೆಯ ಕಂದು ಲಕೋಟೆ. ಅಂಥ ಲಕೋಟೆ ನನ್ನ ಮನೆಯಲ್ಲಿ ಮೂರಿವೆ. ಸೀದಾ ನನ್ನ ಮಷೀನಿನ ಹತ್ತಿರ ಬಂದು ಲಕೋಟೆ ಕುಟ್ಟಿದರು.

"ನೋಡಮ್ಮಾ, ಏನು ಬರೆದಿದಾರೆ ನೋಡು! ಹೊಟ್ಟೇಲಿ ಆಹಾರದ ಶೇಷವಿದೆಯಂತೆ! ಖಾಲಿ ಹೊಟ್ಟೇಲಿ ಬಂದಿದೀನಿ ಅಂತ ಎಷ್ಟು ಹೇಳಿದ್ರೂ ಆ ಸ್ಕ್ಯಾನ್ ಮಾಡೋ ಹುಡುಗಿ ನಂಬಲ್ಲ! ನಾನು ಸುಳ್ಳು ಹೇಳೋ ಮನುಷ್ಯನಾ?"

ನಾನು ಪೆಡಲಿನಿಂದ ಕಾಲು ತೆಗೆದೆ.

"ನಾನು ನಂಬ್ತೀನಿ ಮಾಸ್ಟರ್."

ಮಾಸ್ಟರ್ ಕಟಿಂಗ್ ಟೇಬಲ್ಲಿಗೆ ಹೋದರು, ಚಾಕ್ ತೆಗೆದುಕೊಂಡರು, ಒಂದು ಗೆರೆ ಎಳೆದರು. ಎರಡನೆಯದು ಎಳೆಯಲಿಲ್ಲ.

"ಸ್ಕ್ಯಾನಿಗೆ ಹೋಗೋ ಮುಂಚೆ ಅರ್ಧ ಲೋಟ ಟೀ," ಎಂದರು ಬಟ್ಟೆಗೆ ಹೇಳುವ ಹಾಗೆ. "ಎರಡು ಬಿಸ್ಕತ್ತು."

ಗುಂಡಿಯಕ್ಕ ಎದ್ದಳು. ತನ್ನ ಕೊರಳಿನ ಕತ್ತರಿ ಬಿಚ್ಚಿ ಅವರ ಮುಂದೆ ಹಿಡಿದಳು. ಮಾಸ್ಟರ್ ಕನ್ನಡಕ ತೆಗೆದು, ತಲೆ ಬಗ್ಗಿಸಿ, ಹಾಕಿಸಿಕೊಂಡರು.